ಮೂರು ಆಪ್, ಮೂರು ಲೆಕ್ಕ: ಚಳಿಗಾಲದ ಬೆಟ್ಟದ ಹವೆ ಅಂದಾಜಿಸಲು ಕಲಿಯುವುದು ಹೇಗೆ?

ಪ್ರಶ್ನೆ: ನಾನು ಬ್ರಹ್ಮಾವರದವಳು, ಉಡುಪಿಯಲ್ಲಿ ಕೆಲಸ. ವರ್ಷವೂ ಗೆಳೆಯರ ತಂಡ ಕಟ್ಟಿಕೊಂಡು ಕೊಡಚಾದ್ರಿ, ಕುದುರೆಮುಖ ಅಂತ ಚಾರಣ ಹೋಗುತ್ತೇವೆ. ಕಳೆದ ಡಿಸೆಂಬರ್‌ನಲ್ಲಿ ಮೊದಲ ಸಲ ಉತ್ತರಾಖಂಡದ ಕೇದಾರಕಂಠಕ್ಕೆ ಹೋದೆವು. ಹೊರಡುವ ಮುಂಚೆ ಮೂರು ಆಪ್ ನೋಡಿದ್ದೆ. ಒಂದೇ ದಿನಕ್ಕೆ ಒಂದರಲ್ಲಿ 1 ಡಿಗ್ರಿ, ಇನ್ನೊಂದರಲ್ಲಿ ಮೈನಸ್ 4, ಮತ್ತೊಂದರಲ್ಲಿ ಮೈನಸ್ 11 ಇತ್ತು. ಮೂರರಲ್ಲೂ ಬಿಸಿಲಿನ ಚಿತ್ರ. ಆದರೆ ಎರಡನೇ ಕ್ಯಾಂಪ್‌ನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಹಿಮ ಸುರಿಯಿತು. ಅದರ ಹಿಂದಿನ ರಾತ್ರಿ ಚಳಿ ಕಡಿಮೆ ಇತ್ತು. ಹವೆ ಸುಧಾರಿಸಿತು ಅಂತ ನಾವೆಲ್ಲ ಖುಷಿಪಟ್ಟಿದ್ದೆವು. ಗೈಡ್ ಕೂಡ ‘ಏನೂ ಆಗಲ್ಲ’ ಅಂದಿದ್ದರು. ಬರುವ ಜನವರಿಯಲ್ಲಿ ಮತ್ತೆ ಹೋಗುವ ಯೋಚನೆ ಇದೆ, ತಂಡದಲ್ಲಿ ಇಬ್ಬರು ಹೊಸಬರು. ಹವೆ ಅಂದಾಜು ಮಾಡುವುದನ್ನು ನಾನೇ ಕಲಿಯಬಹುದೇ? ಹಿಮವೇ ಕಾಣದ ಕರಾವಳಿಯಲ್ಲಿ ಕೂತು ಅದು ಸಾಧ್ಯವೇ? ಭೌತಶಾಸ್ತ್ರ, ಗಣಿತ ಎಲ್ಲ ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ನಿಂತು ಎರಡನೇ ಸಲ ಓದಿದ ಸಾಲು, ‘ಚಳಿ ಕಡಿಮೆ ಇತ್ತು, ಹವೆ ಸುಧಾರಿಸಿತು ಅಂತ ಖುಷಿಪಟ್ಟೆವು’ ಅನ್ನುವುದು. ಚಳಿಗಾಲದ ಹಿಮಾಲಯದಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಚಳಿ ಜಾಸ್ತಿ ಆದರೆ ಹಿಮ ಬೀಳುತ್ತದೆ, ಚಳಿ ಇಳಿದರೆ ಅಪಾಯ ಇಲ್ಲ ಅನ್ನುವುದು ನಮ್ಮೆಲ್ಲರ ಮನಸ್ಸಿನ ಲೆಕ್ಕ. ಆಗುವುದು ಸಾಮಾನ್ಯವಾಗಿ ಅದಕ್ಕೆ ಉಲ್ಟಾ. ಆಕಾಶ ತಿಳಿಯಾಗಿರುವ ರಾತ್ರಿ ನೆಲದ ಬಿಸಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ, ಅದಕ್ಕೇ ಕೊರೆಯುವ ಚಳಿ. ಎತ್ತರದಲ್ಲಿ ಮೋಡ ಹರಡಿದರೆ ಆ ಬಿಸಿ ಒಂದಿಷ್ಟು ಉಳಿಯುತ್ತದೆ. ಅದೇ ಹೊತ್ತಿಗೆ ತೆಂಕುಪಡುವಿನಿಂದ ತೇವ ಹೊತ್ತ, ಸ್ವಲ್ಪ ಬೆಚ್ಚಗಿನ ಗಾಳಿಯೂ ಬರತೊಡಗುತ್ತದೆ. ಹಾಗಾಗಿ ನಡು ಚಳಿಗಾಲದಲ್ಲಿ ಕ್ಯಾಂಪ್‌ನ ರಾತ್ರಿ ಇದ್ದಕ್ಕಿದ್ದಂತೆ ಹಿತವಾಯಿತು ಅಂದರೆ ಟೆಂಟಿನಿಂದ ಹೊರಬಂದು ನಕ್ಷತ್ರ ನೋಡಬೇಕು. ಅವು ಮಸುಕಾಗಿದ್ದರೆ, ಕಾಣದೇ ಹೋದರೆ, ಮರುದಿನದ ಯೋಜನೆಯನ್ನು ಆಗಲೇ ಬದಲಿಸುವ ಮಾತಾಡಬೇಕು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕಲಿಯಬಹುದು. ಉಡುಪಿಯಲ್ಲೇ ಕೂತು ಅರ್ಧಕ್ಕಿಂತ ಜಾಸ್ತಿ ಕಲಿಯಬಹುದು. ಆದರೆ ನೀವು ಕಲಿಯಬೇಕಾದ್ದು ಮುನ್ಸೂಚನೆಯನ್ನು ಹೊಸದಾಗಿ ತಯಾರಿಸುವುದನ್ನಲ್ಲ. ಆ ಕೆಲಸಕ್ಕೆ ದೊಡ್ಡ ಕಂಪ್ಯೂಟರ್‌ಗಳಿವೆ, ಇಲಾಖೆ ಇದೆ. ಅವರು ದೊಡ್ಡ ಪ್ರದೇಶಕ್ಕೆ ಹೇಳಿದ ಮಾತನ್ನು ನೀವು ನಿಂತ ಇಳಿಜಾರಿಗೆ, ನಿಮ್ಮ ಎತ್ತರಕ್ಕೆ, ನಿಮ್ಮ ಹೊತ್ತಿಗೆ ಹೊಂದಿಸಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಬಡಗಿನ ಗುಡ್ಡ ರಾಜ್ಯಗಳಲ್ಲಿ, ಆಮೇಲೆ ಮಂಗಳೂರಿನಲ್ಲಿ ಮುನ್ಸೂಚನೆಯ ಮೇಜಿನ ಮುಂದೆ ಕೂತಷ್ಟು ಕಾಲ ನಾನು ಕಂಡದ್ದು ಇದು: ತಪ್ಪು ಮುನ್ಸೂಚನೆಗಿಂತ, ಸರಿಯಾದ ಮುನ್ಸೂಚನೆಯನ್ನು ತಪ್ಪು ಜಾಗಕ್ಕೆ ಅನ್ವಯಿಸಿದ್ದರಿಂದಲೇ ಜನ ಜಾಸ್ತಿ ತೊಂದರೆಗೆ ಸಿಕ್ಕಿದ್ದಾರೆ.

ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣವೂ ಇದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ಚಾರಣಿಗರು ತೀರಿಕೊಂಡರು. ಅದು ಚಳಿಗಾಲ ಕೂಡ ಅಲ್ಲ. ನಮ್ಮ ಕಡೆಯವರು ಈಗ ಹಿಮಾಲಯಕ್ಕೆ ಹೋಗುವುದು ಜಾಸ್ತಿಯಾಗಿದೆ, ಹೋಗಲಿ. ಹವೆ ಓದಲು ಬರುವ ಒಬ್ಬರಾದರೂ ಪ್ರತಿ ತಂಡದಲ್ಲಿ ಇರಲಿ ಅನ್ನುವುದು ನನ್ನ ಆಸೆ. ನೀವು ಆ ಒಬ್ಬರಾಗಲು ಹೊರಟಿದ್ದೀರಿ.

ಮೊದಲು ಆ ಮೂರು ಅಂಕಿಗಳನ್ನು ನೋಡೋಣ. ನನ್ನ ಅಂದಾಜಿನಲ್ಲಿ ಮೂರು ಆಪ್‌ಗಳೂ ಸುಳ್ಳು ಹೇಳಿಲ್ಲ, ಮೂರು ಬೇರೆ ಬೇರೆ ಎತ್ತರದ ಬಗ್ಗೆ ಹೇಳಿವೆ. ಕೇದಾರಕಂಠದ ಬುಡದ ಊರು ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ಶಿಖರ ಸುಮಾರು 3,800 ಮೀಟರ್. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಸಾಂಕ್ರಿಯಲ್ಲಿ 1 ಡಿಗ್ರಿ ಇದ್ದರೆ 2,700 ಮೀಟರ್‌ನಲ್ಲಿ ಮೈನಸ್ 4, ಶಿಖರದಲ್ಲಿ ಮೈನಸ್ 11. ನಿಮ್ಮ ಮೂರು ಅಂಕಿಗಳು ಅಲ್ಲೇ ಬಂದು ಕೂತವು, ಅಲ್ವಾ?

2,700 ಮೀಟರ್ ಎಲ್ಲಿಂದ ಬಂತು? ಹವಾಮಾನದ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತವೆ. ಅಮೆರಿಕದ ಜಿಎಫ್‌ಎಸ್ ಮಾದರಿಯ ಚೌಕ ಸುಮಾರು 13 ಕಿ.ಮೀ., ಯುರೋಪಿನ ಇಸಿಎಂಡಬ್ಲ್ಯುಎಫ್‌ನದು ಸುಮಾರು 9. ನಮ್ಮ ಹವಾಮಾನ ಇಲಾಖೆ 2025ರಲ್ಲಿ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನದು 6 ಕಿ.ಮೀ. 9 ಕಿ.ಮೀ. ಅಂದರೆ ಮಲ್ಪೆಯ ಕಡಲಿನಿಂದ ಉಡುಪಿ ದಾಟಿ ಹೆಚ್ಚುಕಡಿಮೆ ಮಣಿಪಾಲದ ಗುಡ್ಡದವರೆಗೆ ಒಂದೇ ಚೌಕ. ಇಷ್ಟಕ್ಕೆಲ್ಲ ಒಂದೇ ಎತ್ತರ. ನಮ್ಮಲ್ಲಿ ಅದರಿಂದ ದೊಡ್ಡ ನಷ್ಟ ಇಲ್ಲ. ಹಿಮಾಲಯದಲ್ಲಿ ಅಷ್ಟೇ ಜಾಗದಲ್ಲಿ ಹೊಳೆ, ಕಾಡು, ಕ್ಯಾಂಪ್, ಶಿಖರ ಎಲ್ಲವೂ ಬರುತ್ತವೆ. ಮಾದರಿ ಎಲ್ಲವನ್ನೂ ಸವರಿ ಸರಾಸರಿ ಎತ್ತರದ ಒಂದು ಗುಡ್ಡ ಮಾಡಿಕೊಳ್ಳುತ್ತದೆ. ಕೆಲವು ಆಪ್ ಆ ಸರಾಸರಿಗೇ ಉಷ್ಣತೆ ಕೊಡುತ್ತವೆ, ಕೆಲವು ಊರಿನ ಎತ್ತರಕ್ಕೆ ತಿದ್ದಿ ಕೊಡುತ್ತವೆ, ಇನ್ನು ಕೆಲವು ಶಿಖರಕ್ಕೆ. ಆದ್ದರಿಂದ ಆಪ್ ತೆರೆದ ತಕ್ಷಣ ನೋಡಬೇಕಾದ್ದು, ಈ ಅಂಕಿ ಎಷ್ಟು ಎತ್ತರದ್ದು ಅಂತ. ಎತ್ತರ ತೋರಿಸದ ಆಪ್‌ನ ಉಷ್ಣತೆಯನ್ನು ನಾನಂತೂ ಬೆಟ್ಟದಲ್ಲಿ ಬಳಸುವುದಿಲ್ಲ.

ಗಾಳಿಯನ್ನೂ ಇದಕ್ಕೆ ಸೇರಿಸಿ. ಮೈನಸ್ 11ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿಮೈಗೆ ಅದು ಮೈನಸ್ 21ರ ಹಾಗೆ ಕಚ್ಚುತ್ತದೆ. ಬೆಳಗಿನ ಜಾವ ಶಿಖರ ಹತ್ತುವವರಿಗೆ ಬೇಕಾದ ಅಂಕಿ ಇದು.

ಬಿಸಿಲಿನ ಚಿತ್ರದ ಬಗ್ಗೆ ಒಂದು ಮಾತು. ಆಪ್ ಇಡೀ ದಿನಕ್ಕೆ ಒಂದು ಚಿತ್ರ ಆರಿಸುತ್ತದೆ. ಅದರ ಹಿಂದೆ ‘ಶೇ. 20’ ಅಂತ ಹಿಮದ ಸಾಧ್ಯತೆ ಇದ್ದರೂ ಸೂರ್ಯನೇ ನಗುತ್ತಿರುತ್ತಾನೆ. ಶೇ. 20 ಅಂದರೆ ಇಂಥ ಹತ್ತು ದಿನಗಳಲ್ಲಿ ಎರಡು ದಿನ ಬೀಳುತ್ತದೆ. ಉಡುಪಿಯಲ್ಲಿ ಆ ಎರಡು ದಿನ ಕೊಡೆ ಮರೆತದ್ದಕ್ಕೆ ನೆನೆಯುತ್ತೇವೆ, ಅಷ್ಟೇ. ಬೆಟ್ಟದಲ್ಲಿ ಹೊಸಬರಿಬ್ಬರನ್ನು ಕರೆದುಕೊಂಡು ಹೋದವರಿಗೆ ಅದು ಸಣ್ಣ ಅಂಕಿ ಅಲ್ಲ. ಚಿತ್ರ ಬಿಡಿ, ಗಂಟೆಗಂಟೆಯ ಪಟ್ಟಿ ನೋಡಿ. ಅದರಲ್ಲಿ ನೀರಿನ ಲೆಕ್ಕ ಮಿಲಿಮೀಟರ್‌ನಲ್ಲಿ ಇರುತ್ತದೆ. 1 ಮಿ.ಮೀ. ನೀರು ಸುಮಾರು 1 ಸೆಂ.ಮೀ. ಹಿಮ, ತೀರಾ ಚಳಿಯಿದ್ದರೆ ಇನ್ನೂ ಜಾಸ್ತಿ. ಪಟ್ಟಿಯಲ್ಲಿ 15 ಮಿ.ಮೀ. ಅಂತ ಕಂಡರೆ ಅದು ಪಾದ ಹುಗಿಯುವ ಹಿಮ.

ಇನ್ನು ಅಸಲು ಪಾಠ. ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ ಹವೆಯ ಏರ್ಪಾಡು (ಸಿಸ್ಟಂ). ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ, ಎತ್ತರದ ಪಡುಗಾಳಿಯ ಹೊಳೆಯಲ್ಲಿ ತೇಲಿಕೊಂಡು ಬರುತ್ತದೆ. ದಾರಿಯಲ್ಲಿ ಬಲವಾದರೆ ಅರಬ್ಬಿ ಸಮುದ್ರದ ಬಡಗು ಭಾಗದಿಂದಲೂ ತೇವ ಎಳೆದುಕೊಳ್ಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಹಲವು ಬರುತ್ತವೆ. ಕೆಲವು ಬರೀ ಮೋಡ ತೋರಿಸಿ ಹೋಗುತ್ತವೆ, ಕೆಲವು ಮೂರು ದಿನ ದಾರಿ ಮುಚ್ಚುತ್ತವೆ. ಇದನ್ನು ಅರ್ಥ ಮಾಡಿಕೊಂಡರೆ ‘ಹವೆ ಇದ್ದಕ್ಕಿದ್ದಂತೆ ಕೆಟ್ಟಿತು’ ಅನ್ನುವ ಮಾತು ಕಡಿಮೆಯಾಗುತ್ತದೆ. ಯಾಕೆಂದರೆ ಅದು ಸಾವಿರಾರು ಕಿಲೋಮೀಟರ್ ದೂರದಿಂದ, ಎಲ್ಲರ ಕಣ್ಣೆದುರೇ ಬಂದಿರುತ್ತದೆ.

ಹವಾಮಾನ ಇಲಾಖೆಯ ದಿನದ ವರದಿಯಲ್ಲಿ ಒಂದು ಸಾಲು ಹುಡುಕಿ. ಸಮುದ್ರಮಟ್ಟದಿಂದ 5.8 ಕಿ.ಮೀ. ಎತ್ತರದಲ್ಲಿ, ಇಂಥ ರೇಖಾಂಶದ ಉದ್ದಕ್ಕೆ ಒಂದು ತಗ್ಗು (ಟ್ರಫ್, ಅಂದರೆ ಒತ್ತಡ ಕಡಿಮೆ ಇರುವ ಪಟ್ಟಿ) ಇದೆ ಅನ್ನುವ ಸಾಲು. ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಲ್ಲಿದೆ ಅನ್ನುವ ಗುರುತು ಅದು. ಆ ರೇಖಾಂಶವನ್ನು ದಿನಾ ಬರೆದಿಡಿ. ಇವತ್ತು 55 ಡಿಗ್ರಿ, ನಾಳೆ 64 ಆಯಿತು ಅಂದರೆ ದಿನಕ್ಕೆ 9 ಡಿಗ್ರಿ ಓಡುತ್ತಿದೆ. ಸಾಂಕ್ರಿ ಇರುವುದು 78ರ ಹತ್ತಿರ. ಹಾಗಾದರೆ ಆ ತಗ್ಗು ಅಲ್ಲಿಗೆ ತಲುಪಲು ಇನ್ನೊಂದೂವರೆ ದಿನ. ಆದರೆ ಮೋಡ ಮತ್ತು ಹಿಮ ತಗ್ಗಿಗಿಂತ ಮುಂದೆ ಓಡುತ್ತವೆ, ಮೂಡು ಬದಿಯಲ್ಲಿ. ತಗ್ಗು 70ರ ಹತ್ತಿರ ಬಂದಾಗಲೇ ಉತ್ತರಾಖಂಡದಲ್ಲಿ ಆಕಾಶ ಮುಚ್ಚಿರಬಹುದು. ಇಷ್ಟು ಲೆಕ್ಕ ಕೈಗೆ ಬಂದರೆ ನೀವು ಅರ್ಧ ದಾರಿ ಬಂದ ಹಾಗೆ. ಕಾಶ್ಮೀರದಲ್ಲಿ, ಹಿಮಾಚಲದಲ್ಲಿ ಹಿಮ ಶುರುವಾದ ಸುದ್ದಿಯೂ ಒಳ್ಳೆಯ ಸೂಚನೆ. ಸಾಮಾನ್ಯವಾಗಿ ಉತ್ತರಾಖಂಡದ ಸರದಿ ಆಮೇಲೆ. ಇನ್ಸಾಟ್ ಉಪಗ್ರಹದ ಮೋಡದ ಚಿತ್ರಗಳನ್ನೂ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ನಂಬಿಕೆ ಎಷ್ಟು ದಿನಕ್ಕೆ? ಮುಂದಿನ ಎರಡು-ಮೂರು ದಿನದ ಮಾತನ್ನು ಗಟ್ಟಿಯಾಗಿ ಹಿಡಿಯಬಹುದು. ಐದು ದಿನ ದಾಟಿದರೆ ‘ಒಂದು ಏರ್ಪಾಡು ಬರುವ ಹಾಗಿದೆ’ ಅನ್ನುವಷ್ಟೇ. ಹತ್ತು ದಿನ ಮುಂಚೆ ನೋಡಿದ ಬಿಸಿಲಿನ ಚಿತ್ರ ನಂಬಿ ಹೊರಡುವುದೂ ಒಂದೇ, ನೋಡದೇ ಹೊರಡುವುದೂ ಒಂದೇ.

ಸಾಂಕ್ರಿ ದಾಟಿದ ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ, ಆ ಉಪಾಯ ಬೇಡ. ಅಲ್ಲಿಂದ ಮುಂದೆ ಕಣ್ಣು ಮತ್ತು ಒಂದು ಗಡಿಯಾರ. ಮೊದಲು ಪಡುದಿಕ್ಕಿನ ಎತ್ತರದಲ್ಲಿ ನೂಲೆಳೆಯಂಥ ಬಿಳಿ ಮೋಡ ಬರುತ್ತದೆ. ಆಮೇಲೆ ಅದು ಹರಡಿ ತೆಳು ಪರದೆಯಾಗುತ್ತದೆ, ಸೂರ್ಯನ ಅಥವಾ ಚಂದ್ರನ ಸುತ್ತ ದೊಡ್ಡ ಉಂಗುರ ಮೂಡುತ್ತದೆ. ಪರದೆ ದಪ್ಪವಾಗಿ, ಬೂದಿಬಣ್ಣಕ್ಕೆ ತಿರುಗಿ, ನೆಲದ ಮೇಲೆ ನಮ್ಮ ನೆರಳು ಕಾಣದಾಯಿತು ಅಂದರೆ ಉಳಿದಿರುವುದು ಕೆಲವೇ ಗಂಟೆ. ಒಂದು ಉಂಗುರ ಕಂಡ ಮಾತ್ರಕ್ಕೆ ಓಡಿಬರಬೇಕಿಲ್ಲ. ಎಷ್ಟೋ ಸಲ ಪರದೆ ಹಾಗೇ ಸರಿದು ಹೋಗುತ್ತದೆ. ಮೂರೂ ಹಂತ ಒಂದರ ಹಿಂದೆ ಒಂದು ಬಂದರೆ ಮಾತ್ರ ಅನುಮಾನ ಬೇಡ. ಶಿಖರದ ತಲೆಯಿಂದ ಹಿಮದ ಪುಡಿ ಉದ್ದಕ್ಕೆ ಹಾರುತ್ತಿದ್ದರೆ, ಅಥವಾ ಅಂಚು ನಯವಾದ ಮೋಡ ಜಾಗ ಬಿಟ್ಟು ಕದಲದೆ ನಿಂತಿದ್ದರೆ, ಮೇಲೆ ಗಾಳಿ ಜೋರಾಗಿದೆ ಅಂತ ಅರ್ಥ. ಕೆಳಗೆ ಎಲೆಯೂ ಅಲ್ಲಾಡದೇ ಇರಬಹುದು.

ಗಡಿಯಾರ ಅಂದೆ. ಚಾರಣದ ಗಡಿಯಾರಗಳಲ್ಲಿ, ಕೆಲವು ಫೋನ್‌ಗಳಲ್ಲಿ ಕೂಡ, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಮೇಲೇರಿದಷ್ಟೂ ಒತ್ತಡ ಇಳಿಯುವುದರಿಂದ ಎತ್ತರ ತೋರಿಸುವುದೂ ಅದೇ. ಸಂಜೆ ಕ್ಯಾಂಪ್‌ನಲ್ಲಿ 3,400 ಮೀಟರ್ ತೋರಿಸಿದ್ದು, ನೀವು ಮಲಗಿದಲ್ಲೇ ಇದ್ದು, ಬೆಳಿಗ್ಗೆ 3,440 ತೋರಿಸಿದರೆ ಬೆಟ್ಟ ಬೆಳೆದಿಲ್ಲ, ಒತ್ತಡ ಇಳಿದಿದೆ. ಆ ಎತ್ತರದಲ್ಲಿ ಸುಮಾರು 12 ಮೀಟರ್‌ಗೆ 1 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ). 40 ಮೀಟರ್ ಅಂದರೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಆಕಾಶದ ಗುರುತುಗಳೂ ಇದಕ್ಕೆ ಸೇರಿದರೆ ಎಚ್ಚರಿಕೆ ಗಟ್ಟಿ. ಒಂದು ಜಾಗ್ರತೆ ಬೇಕು: ಹವೆ ಎಷ್ಟೇ ಚೆನ್ನಾಗಿದ್ದರೂ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಏರು, ಸಂಜೆ ಮತ್ತು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಇಳಿತ. ಹಾಗಾಗಿ ಇವತ್ತಿನ ಹತ್ತು ಗಂಟೆಯನ್ನು ನಿನ್ನೆಯ ಹತ್ತು ಗಂಟೆಗೇ ಹೋಲಿಸಬೇಕು. ಈ ಏರಿಳಿತ ನಮ್ಮ ಕರಾವಳಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಬ್ರಹ್ಮಾವರದ ಮನೆಯಲ್ಲೇ ಒಂದು ವಾರ ನೋಡಿ, ಕೈ ಪಳಗುತ್ತದೆ.

ಅಲ್ಲಿಗೆ ನಿಮ್ಮ ಇನ್ನೊಂದು ಪ್ರಶ್ನೆ ಬಂತು. ಇಲ್ಲಿ ಕೂತು ಏನು ಕಲಿಯಬಹುದು? ಎತ್ತರದ ಲೆಕ್ಕ ಕಲಿಯಬಹುದು. ಮಂಗಳೂರು ಸಮುದ್ರಮಟ್ಟ, ಮಡಿಕೇರಿ ಸುಮಾರು 1,150 ಮೀಟರ್. ಮಂಗಳೂರಿನ ಮಧ್ಯಾಹ್ನದ ಉಷ್ಣತೆ ನೋಡಿ ಮಡಿಕೇರಿಯದನ್ನು ಅಂದಾಜಿಸಿ ಬರೆದಿಡಿ, ಸಂಜೆ ತಾಳೆ ನೋಡಿ. ಏಳೆಂಟು ಡಿಗ್ರಿ ವ್ಯತ್ಯಾಸ ಬರಬೇಕು. ಬಾರದ ದಿನ ಯಾಕೆ ಬರಲಿಲ್ಲ ಅಂತ ಯೋಚಿಸಿ. ಮೋಡ ಇತ್ತಾ? ಕಡಲಗಾಳಿ ಬೇಗ ಬಂತಾ? ಕಲಿಕೆ ಇರುವುದು ಆ ತಪ್ಪಿದ ದಿನಗಳಲ್ಲಿ.

ಬೆಟ್ಟ ಗಾಳಿಯನ್ನು ತಡೆದು ಮೇಲೆತ್ತಿ ಹೇಗೆ ಹಿಂಡುತ್ತದೆ ಅನ್ನುವುದಕ್ಕೆ ನಮ್ಮ ಘಟ್ಟಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ, ಅಲ್ಲಿಂದ ನೂರು ಕಿ.ಮೀ. ಒಳಗಿನ ಶಿವಮೊಗ್ಗದಲ್ಲಿ ಸಾವಿರದ ಆಸುಪಾಸು. ಹಿಮಾಲಯದಲ್ಲೂ ಇದೇ ನ್ಯಾಯ. ತೇವದ ಗಾಳಿಗೆ ಎದೆಯೊಡ್ಡಿದ ಇಳಿಜಾರಿಗೆ ಹಿಮ ಜಾಸ್ತಿ, ಬೆನ್ನಿನ ಕಡೆ ಕಡಿಮೆ. ಆದ್ದರಿಂದ ನಕಾಶೆಯಲ್ಲಿ ನಿಮ್ಮ ಕ್ಯಾಂಪ್ ಯಾವ ಮುಖದಲ್ಲಿದೆ ಅಂತ ಮೊದಲೇ ಗುರುತಿಸಿ.

ರಾತ್ರಿಯ ಚಳಿಯ ಪಾಠಕ್ಕೆ ಜನವರಿಯಲ್ಲಿ ಕಳಸದ ಕಡೆ ಒಂದು ಬೆಳಗು ಸಾಕು. ತಗ್ಗೆಲ್ಲ ಮಂಜು ತುಂಬಿರುತ್ತದೆ, ಗುಡ್ಡದ ಮೇಲೆ ಬಿಸಿಲು. ತಣ್ಣಗಿನ ಗಾಳಿ ಭಾರ, ಬೆಟ್ಟಿನಿಂದ ಬೈಲಿಗೆ ನೀರು ಇಳಿಯುವ ಹಾಗೆ ರಾತ್ರಿಯಿಡೀ ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಂಥ ರಾತ್ರಿ 6.5ರ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಕಣಿವೆಯ ತಳವೇ ಮೇಲಿನ ಇಳಿಜಾರಿಗಿಂತ ತಣ್ಣಗಿರುತ್ತದೆ. ಟೆಂಟ್ ಹಾಕುವಾಗ ಬೈಲು ಬಿಟ್ಟು ಸ್ವಲ್ಪ ಮೇಲೆ ಜಾಗ ಹುಡುಕಬೇಕು ಅನ್ನುವುದು ಇದಕ್ಕೇ.

ಇಲ್ಲಿ ಕಲಿಯಲಾಗದ್ದೂ ಇದೆ. ಹಿಮ ಬಿದ್ದ ಮೇಲಿನ ಹಿಮದ ನಡತೆ. ಏರ್ಪಾಡು ದಾಟಿದ ಮರುದಿನ ಆಕಾಶ ನೀಲಿ, ಎಲ್ಲ ಹೊಳೆಯುತ್ತಿರುತ್ತದೆ. ಫೋಟೋಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಹಿಮಕುಸಿತದ ಭಯ ಜಾಸ್ತಿ ಇರುವುದೂ ಭಾರೀ ಹಿಮದ ನಂತರದ ಆ ಒಂದೆರಡು ದಿನವೇ, ಅದೂ 30ರಿಂದ 45 ಡಿಗ್ರಿ ಕಡಿದಾದ ಇಳಿಜಾರುಗಳಲ್ಲಿ. ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸೇರಿದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ನೋಡಿಕೊಂಡು ಹೋಗಿ. ಹಿಮವನ್ನು ಕಾಲಿನಿಂದ ಓದುವುದನ್ನು ಮಾತ್ರ ಅಲ್ಲೇ, ತಿಳಿದವರ ಜೊತೆ ಕಲಿಯಬೇಕು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಮೂಲ ತರಬೇತಿ 28 ದಿನದ್ದು. ರಜೆ ಹೊಂದಿಸಲು ಸಾಧ್ಯವಾದರೆ ಯೋಚಿಸಿ.

ಗೈಡ್ ವಿಷಯ. ಅವರನ್ನು ಪೂರ್ತಿ ನಂಬುವುದು ಒಂದು ದಾರಿ, ಬಹಳ ತಂಡಗಳು ಹೀಗೇ ಹೋಗುತ್ತವೆ. ಆ ಕಣಿವೆಯ ಗಾಳಿಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ಯಾವ ಮಾದರಿಗೂ ಗೊತ್ತಿಲ್ಲ. ಆದರೆ 300 ಕಿ.ಮೀ. ಆಚೆ ಬರುತ್ತಿರುವುದು ಅವರ ಕಣ್ಣಿಗೂ ಕಾಣುವುದಿಲ್ಲ. ಮತ್ತೆ, ದೂರದಿಂದ ದುಡ್ಡು ಕೊಟ್ಟು ಬಂದವರಿಗೆ ‘ವಾಪಸ್ ಹೋಗೋಣ’ ಅನ್ನಲು ಅವರಿಗೂ ಕಷ್ಟ. ‘ಹಿಮ ಬೀಳುತ್ತಾ?’ ಅಂತ ಕೇಳಿದರೆ ‘ಏನೂ ಆಗಲ್ಲ’ ಅನ್ನುವ ಉತ್ತರವೇ ಬರುತ್ತದೆ. ಬೇರೆ ಥರ ಕೇಳಿ ನೋಡಿ. ಗಾಳಿ ನಿನ್ನೆಯಿಂದ ತಿರುಗಿದೆಯಾ? ಮೊಣಕಾಲಿನಷ್ಟು ಹಿಮ ಬಿದ್ದರೆ ಈ ದಾರಿಯಲ್ಲಿ ಮೊದಲು ಎಲ್ಲಿ ಕಷ್ಟ? ಯಾವ ಜಾಗ ದಾಟಿದ ಮೇಲೆ ಹಿಂದೆ ಬರುವುದು ಕಷ್ಟ? ಇಂಥ ಪ್ರಶ್ನೆಗೆ ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನಿಮ್ಮ ಕೈಯಲ್ಲಿರುವ ಇಲಾಖೆಯ ಮಾಹಿತಿಯನ್ನೂ ಅವರಿಗೆ ತೋರಿಸಿ.

ನೀವೇ ಕಲಿತು ನಿರ್ಧರಿಸುವ ದಾರಿಯಲ್ಲೂ ಅಪಾಯ ಇದೆ. ನಾಲ್ಕು ಸಲ ಅಂದಾಜು ಸರಿಹೋದರೆ ಧೈರ್ಯ ಜಾಸ್ತಿಯಾಗುತ್ತದೆ. ಆಮೇಲೆ ನಾಲ್ಕು ಆಪ್‌ಗಳಲ್ಲಿ ನಮಗೆ ಬೇಕಾದ್ದನ್ನು ಹೇಳುವ ಒಂದನ್ನೇ ನಂಬುವ ಚಟ ಶುರುವಾಗುತ್ತದೆ. ಇದಕ್ಕೆ ಮದ್ದು, ಮುಂಚಿತವಾಗಿ ಬರೆದಿಡುವುದು. ಡಿಸೆಂಬರ್ ಒಂದರಿಂದ ದಿನಾ ಸಂಜೆ ಹತ್ತು ನಿಮಿಷ ಕೊಡಿ. ಶಿಮ್ಲಾ, ಮನಾಲಿ ಅಥವಾ ಮುಕ್ತೇಶ್ವರದಲ್ಲಿ ಒಂದನ್ನು ಆರಿಸಿಕೊಂಡು, ನಾಳೆ ಅಲ್ಲಿ ಮೋಡವೋ ಬಿಸಿಲೋ, ಹಿಮವೋ ಮಳೆಯೋ, ಕನಿಷ್ಠ ಉಷ್ಣತೆ ಎಷ್ಟು ಅಂತ ನಿಮ್ಮ ಅಂದಾಜು ಬರೆಯಿರಿ. ಮರುದಿನ ಇಲಾಖೆ ದಾಖಲಿಸಿದ್ದನ್ನು ಪಕ್ಕದಲ್ಲಿ ಬರೆಯಿರಿ. ಅಳಿಸಬೇಡಿ, ತಿದ್ದಬೇಡಿ. ಮಳೆಯೋ ಹಿಮವೋ ಅಂತ ಹೇಳಲು ಒಂದು ಸುಳಿವು ಕೊಡುತ್ತೇನೆ: ಶೂನ್ಯ ಡಿಗ್ರಿ ಎಷ್ಟು ಎತ್ತರದಲ್ಲಿದೆ ಅಂತ ಕೆಲವು ಆಪ್ ತೋರಿಸುತ್ತವೆ. ಹಿಮ ಸಾಮಾನ್ಯವಾಗಿ ಅದಕ್ಕಿಂತ ಸುಮಾರು 300 ಮೀಟರ್ ಕೆಳಗಿನವರೆಗೆ ಕರಗದೆ ಇಳಿಯುತ್ತದೆ.

ಈಗ ಜನವರಿ. ನನ್ನ ಸಲಹೆ ಕೇಳಿದರೆ, ಯೋಜನೆಗೆ ಎರಡು ಖಾಲಿ ದಿನ ಸೇರಿಸಿ. ಹಿಂದಿರುಗುವ ರೈಲು, ವಿಮಾನದ ಟಿಕೆಟನ್ನು ಚಾರಣ ಮುಗಿದ ಮರುದಿನಕ್ಕೆ ತೆಗೆದುಕೊಳ್ಳಬೇಡಿ. ಟಿಕೆಟಿನ ಒತ್ತಡದಲ್ಲಿ ತೆಗೆದುಕೊಂಡ ನಿರ್ಧಾರಗಳು ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ. ಸಾಂಕ್ರಿಯಲ್ಲಿ ಕೊನೆಯ ಸಲ ಮುನ್ಸೂಚನೆ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಶಾಲೆಗೆ ರಜೆಯಾ ಅಂತ ನಾವು ನೋಡುವ ಅದೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಉತ್ತರಕಾಶಿ ಜಿಲ್ಲೆಗೂ ಇರುತ್ತವೆ. ಕಿತ್ತಳೆ ಇದ್ದರೆ ಸಾಂಕ್ರಿಯಲ್ಲೇ ಉಳಿಯಿರಿ. ಹಳದಿ ಇದ್ದರೆ ಮೊದಲ ಕ್ಯಾಂಪ್‌ವರೆಗೆ ಹೋಗಿ ಅಲ್ಲಿ ಮತ್ತೆ ಕೂತು ಮಾತಾಡಿ. ಎರಡು ಖಾಲಿ ದಿನ ಸಿಗದಿದ್ದರೆ, ಹೊಸಬರಿಬ್ಬರು ಇರುವ ಈ ಸಲ ಶಿಖರವನ್ನು ಲೆಕ್ಕದಿಂದ ತೆಗೆದು ಮೊದಲ ಕ್ಯಾಂಪ್‌ವರೆಗಿನ ಚಾರಣ ಅಂತಲೇ ತಂಡಕ್ಕೆ ಹೇಳಿ. ಈ ಮಾತನ್ನು ಉಡುಪಿಯಲ್ಲೇ, ದುಡ್ಡು ಕಟ್ಟುವ ಮುಂಚೆ ಹೇಳಬೇಕು. ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ.

ಗಣಿತ ಬೇಕಾ ಅಂತ ಕೇಳಿದ್ದೀರಿ. ಕೂಡಿಸುವುದು, ಕಳೆಯುವುದು, 6.5ರಿಂದ ಗುಣಿಸುವುದು, ಇಷ್ಟು ಸಾಕು. ಜನವರಿಗೆ ಮುಂಚೆ ನಿಮ್ಮ ಡಿಸೆಂಬರ್ ಪುಸ್ತಕದ ಪುಟಗಳನ್ನು ಕಳಿಸಿ. ಎಲ್ಲಿ ತಪ್ಪುತ್ತಿದೆ ಅಂತ ನೋಡಿ ಹೇಳುತ್ತೇನೆ.